ಎರಡು ಮನೆ ಮೀನು

ಇಲ್ಲ ಮೇಡಂ, ಮೀನಿನ ಮೇಲಿನ ಬಟ್ಟೆ ಎತ್ತಬೇಡಿ. ಈಗಲೇ ಬೇಡ. ಕೈ ಹಿಂದಕ್ಕೆ ತಗೊಳ್ಳಿ... ಹಾಂ. ಮೊದಲು ಕೂತ್ಕೊಳ್ಳಿ. ಆ ಸ್ಟೂಲ್ ಅಲ್ಲ, ಅದರ ಒಂದು ಕಾಲು ಗಿಡ್ಡ. ನೀವಿದ್ದಾಗಿಂದಲೂ ಗಿಡ್ಡವೇ, ಯಾರೂ ಸರಿಮಾಡಿಸಿಲ್ಲ. ಈ ಕುರ್ಚಿ ತಗೊಳ್ಳಿ. ಊರುಗೋಲು ಇಲ್ಲಿ ಕೊಡಿ, ಸಿಂಕಿಗೆ ಒರಗಿಸ್ತೀನಿ.

ಮೀನು ಎಲ್ಲೂ ಓಡಿಹೋಗಲ್ಲ. ಇಪ್ಪತ್ತಾರು ವರ್ಷ ಈ ಟೇಬಲ್ ಹತ್ತದೇ ಇದ್ದದ್ದು, ಇನ್ನರ್ಧ ಗಂಟೆ ಒದ್ದೆ ಬಟ್ಟೆಯ ಕೆಳಗೆ ಮಲಗಿದ್ದರೆ ಏನೂ ಆಗಲ್ಲ. ಮೊದಲು ನನ್ನ ಮಾತು. ಆಮೇಲೆ ಮೀನು. ಆಮೇಲೆ ನಿಮ್ಮ ಸಹಿ.

ಯಾಕೆ ನಗ್ತೀರಿ? ನನ್ನ ಬಾಯಲ್ಲಿ ಮಾತು ಬರ್ತಿದೆ ಅಂತಲಾ? ನಗಿ, ನಗಿ. ಎಂಟು ವರ್ಷ ನಿಮ್ಮ ಕೈಕೆಳಗೆ ಕೆಲಸ ಮಾಡಿದೆ. ನಿಮ್ಮೆದುರು ಆಡಿದ ಮಾತೆಲ್ಲ ಒಟ್ಟುಮಾಡಿದರೂ ಈ ಫಾರ್ಮಿನ ಹಿಂದಿನ ಪುಟ ತುಂಬಲ್ಲ. ಹೂಂ ಮೇಡಂ. ಆಯ್ತು ಮೇಡಂ. ಜಾಡಿ ತೊಳೆದಿಟ್ಟೆ ಮೇಡಂ. ನೀವು ರಿಟೈರ್ ಆಗಿ ಹೋದ ದಿನ ಎಲ್ಲರೂ ನಿಮ್ಮ ಬಗ್ಗೆ ಎರಡೆರಡು ಮಾತು ಹೇಳಿದ್ರಲ್ಲ, ನನ್ನ ಸರದಿ ಬಂದಾಗ ನೀವೇ ಕೈ ಎತ್ತಿ, ಪಾಪ, ಅವಳನ್ನ ಬಿಟ್ಟುಬಿಡಿ, ಅಂದ್ರಿ. ನಾನು ಎರಡು ಮಾತು ಬರೆದುಕೊಂಡು ಬಂದಿದ್ದೆ. ಚೀಟಿ ಇನ್ನೂ ಇದೆ. ಒಳ್ಳೆ ಮಾತೇ ಬರೆದಿದ್ದೆ, ನೋಡಿ, ಅಷ್ಟು ಪೆದ್ದಿ.

ಈ ಫಾರ್ಮಿನ ಗುರುತು ಸಿಕ್ಕಿತಾ? ನೀವೇ ಮಾಡಿದ್ದು. ಅಪರೂಪದ ಮೀನು ಸಿಕ್ಕರೆ ಎರಡು ಸಹಿ ಬೇಕು. ಒಂದು, ತಂದವರದ್ದು. ಇನ್ನೊಂದು, ಆ ಜಾತಿಯನ್ನ ಹಿಂದೆ ಒಮ್ಮೆಯಾದರೂ ಸ್ವಂತ ಕೈಯಲ್ಲಿ ಮುಟ್ಟಿ ಪರೀಕ್ಷಿಸಿದವರದ್ದು. ಅಂಥವರು ಈಗ ಯಾರಿದ್ದಾರೆ ಹೇಳಿ. ನಿಮ್ಮ ಜೊತೆಯವರಲ್ಲಿ ಒಬ್ಬರು ತೀರಿಹೋದರು, ಇನ್ನೊಬ್ಬರಿಗೆ ಕಣ್ಣು ಕಾಣಲ್ಲ. ಉಳಿದದ್ದು ನೀವು. ನಿಮ್ಮ ರೂಲೇ ನಿಮ್ಮನ್ನ ಮೊಣಕಾಲು ನೋವಿನಲ್ಲೂ ಮೂರು ಮಹಡಿ ಹತ್ತಿಸಿ ಇಲ್ಲಿಗೆ ತಂದಿದೆ. ಲಿಫ್ಟ್ ಕೆಟ್ಟಿದೆ ಅಂತ ನಿನ್ನೆ ಫೋನಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

ಹಿಂದೆ ತಿರುಗಿ ನೋಡಬೇಕಾಗಿಲ್ಲ. ನಿಮ್ಮ ಜಾಡಿ ಅಲ್ಲೇ ಇದೆ, ಮೇಲಿನ ಹಲಗೆಯ ಬಲಮೂಲೆ. ಪ್ರತಿ ಸೋಮವಾರ ಧೂಳು ಒರೆಸೋದು ನಾನೇ. ಒಳಗೆ ಇಪ್ಪತ್ತಾರು ವರ್ಷದ ಹಿಂದಿನ ಮೊಳದುದ್ದದ ಮರಿ. ಮುಂದಿನರ್ಧ ಚಪ್ಪಟೆ ತೊರಕೆ ಮೀನಿನ ಹಾಗೆ, ಹಿಂದಿನರ್ಧ ಶಾರ್ಕಿನ ಹಾಗೆ. ಬೋಟಿನವರು ಇದಕ್ಕೆ ಎರಡು ಮನೆ ಮೀನು ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ತೊರಕೆಗಳು ನಮ್ಮವಳಲ್ಲ ಅಂತಾವೆ, ಶಾರ್ಕುಗಳು ನಮ್ಮವಳಲ್ಲ ಅಂತಾವೆ. ತವರಿಗೂ ಬೇಡ, ಗಂಡನ ಮನೆಗೂ ಬೇಡ. ಮೊದಲ ಸಲ ಆ ಹೆಸರು ಕೇಳಿದಾಗ ನನಗೆ ಯಾಕೋ ಆ ಮೀನಿನ ಮೇಲೆ ಪ್ರೀತಿ ಬಂತು. ಜಾಡಿಯ ಚೀಟಿಯಲ್ಲಿ ನಿಮ್ಮ ದುಂಡು ಅಕ್ಷರ: ಈ ಕಡಲಿನ ಕೊನೆಯದು. ಆ ಒಂದು ಪದದಿಂದ ನಿಮಗೆ ಎಷ್ಟು ಶಾಲು ಬಂತು, ಎಷ್ಟು ಸಭೆ, ಎಷ್ಟು ವಿಮಾನ. ಕೊನೆಯದು. ಇನ್ನೊಂದು ಸಿಕ್ಕಿಬಿಟ್ಟರೆ ಕೊನೆಯದು ಹೇಗಾಗತ್ತೆ, ಅಲ್ವಾ?

ಇರಿ, ಅಲ್ಲಿಗೇ ಬರ್ತೀನಿ. ಆರು ವರ್ಷದ ಹಿಂದೆ.

ಮರೆತಿದೀರಾ? ನೆನಪಿದೆ, ನಿಮ್ಮ ಹುಬ್ಬು ಹೇಳ್ತಿದೆ. ಬೆಳಿಗ್ಗೆ ಏಳು ಗಂಟೆ. ಬೋಟಿನ ಅಣ್ಣ, ಅದೇ, ಒಂದು ಕಿವಿ ಕೇಳದ ಅಣ್ಣ, ಬಂದರಿನ ಬಾಯಲ್ಲಿ ಬಲೆ ಎಳೀತಿದ್ದ. ನಾನು ಅವನ ಬೋಟಿನಲ್ಲೇ ಇದ್ದೆ. ಬಲೆಯಲ್ಲಿ ಅದು ಬಂತು. ಜೀವಂತ. ನನ್ನಷ್ಟೇ ಉದ್ದ. ಅಣ್ಣ ಬಲೆ ಕತ್ತರಿಸ್ತಿದ್ದ, ನಾನು ಫೋಟೋ ತೆಗೀತಿದ್ದೆ. ಅಳತೆಪಟ್ಟಿ ಬ್ಯಾಗಿನ ತಳದಲ್ಲಿ ಎಲ್ಲೋ ಇತ್ತು. ಹುಡುಕ್ತಾ ಕೂತರೆ ಅದರ ಉಸಿರು ನಿಂತುಹೋಗತ್ತೆ. ಅದಕ್ಕೇ ನನ್ನ ಅಂಗೈಯನ್ನ ಅದರ ಬೆನ್ನ ಪಕ್ಕ ಇಟ್ಟು ಎರಡು ಫೋಟೋ ತೆಗೆದೆ. ಆಮೇಲೆ ಇಬ್ಬರೂ ಸೇರಿ ಎತ್ತಿ ನೀರಿಗೆ ಬಿಟ್ಟೆವು. ಒಂದು ಕ್ಷಣ ಹಾಗೇ ನಿಂತಿತ್ತು, ನಂಬಿಕೆ ಬರದವರ ಹಾಗೆ. ಆಮೇಲೆ ಬಾಲ ಬೀಸಿ ಹೋಯಿತು. ಅಣ್ಣ ನನ್ನ ತಲೆ ಮೇಲೆ ಒದ್ದೆ ಕೈ ಇಟ್ಟು, ಒಳ್ಳೆ ಕೆಲಸ ಮಾಡಿದೆ ತಂಗಿ, ಅಂದ.

ಅವತ್ತು ನಾನು ಎಷ್ಟು ಖುಷಿಯಲ್ಲಿದ್ದೆ ಅಂದ್ರೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಯಾರೋ ಹೆಂಗಸಿಗೆ ಫೋಟೋ ತೋರಿಸಿಬಿಟ್ಟೆ. ನಾನು! ಅವರು ನೋಡಿ, ಕೆಜಿಗೆ ಎಷ್ಟಂತೆ, ಅಂದ್ರು.

ನಾಲ್ಕು ದಿನ ಆದಮೇಲೆ ಮೀಟಿಂಗ್. ನಲವತ್ತು ಜನ. ಹೊರಗಿಂದ ಬಂದ ಅತಿಥಿಗಳು ಮುಂದಿನ ಸಾಲಿನಲ್ಲಿ. ನನ್ನ ಫೋಟೋ ಆ ದೊಡ್ಡ ಪರದೆ ಮೇಲೆ. ನೀವು ಕನ್ನಡಕ ಹಣೆಗೇರಿಸಿ ನೋಡಿದ್ರಿ. ಸುಮಾರು ಹೊತ್ತು ನೋಡಿದ್ರಿ. ನಿಮಗೆ ಗೊತ್ತಾಯ್ತು. ಇಲ್ಲ ಅನ್ನಬೇಡಿ, ನಾನು ಪರದೆ ನೋಡ್ತಿರಲಿಲ್ಲ, ನಿಮ್ಮ ಮುಖ ನೋಡ್ತಿದ್ದೆ. ನನಗೆ ಮಾತು ಬರಲ್ಲ ಮೇಡಂ, ಮುಖ ಓದೋಕೆ ಬರತ್ತೆ. ನಿಮ್ಮ ಕುತ್ತಿಗೆಯ ನರ ಒಂದು ಸಲ ಎದ್ದು ಇಳೀತು. ಆಮೇಲೆ ನಕ್ಕು ಹೇಳಿದ್ರಿ: ‘ಅಳತೆಪಟ್ಟಿ ಇಲ್ಲ, ಅಂಗೈ ಇದೆ. ಮದುವೆ ಆಲ್ಬಮ್ಮಿಗೆ ಸರಿಹೋಗತ್ತೆ. ಉಂಗುರ ಎಲ್ಲಮ್ಮಾ?’

ನಲವತ್ತು ಜನ ನಕ್ಕರು. ನಾನೂ ನಕ್ಕೆ. ಅದು ಇವತ್ತಿಗೂ ಉರಿಯತ್ತೆ, ನಾನೂ ನಕ್ಕಿದ್ದು. ಯಾರೋ ಕೇಳಿದರು, ಮೀನು ಎಲ್ಲಿ ಅಂತ. ಬಿಟ್ಟೆವು ಅಂದೆ. ಆಗ ನೀವು ನಿಮ್ಮ ಆ ಮಾತು ಹೇಳಿದ್ರಿ. ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನ ಹೇಳ್ತಿದ್ದ ಮಾತು. ‘ಟೇಬಲ್ ಮೇಲಿದ್ದರೆ ಮೀನು. ಇಲ್ಲದಿದ್ದರೆ ಕಥೆ.’ ಸಂಜೆ ನನ್ನ ವರದಿ ವಾಪಸ್ ಬಂತು. ಕೆಂಪು ಪೆನ್ನಿನಲ್ಲಿ ಎರಡು ಪದ: ತಪ್ಪು ಗುರುತು. ಕೆಳಗೆ ಎರಡು ಗೆರೆ.

ಆವತ್ತಿನಿಂದ ನನ್ನ ಹೆಸರು ಆಲ್ಬಮ್. ಗೊತ್ತಿರಲಿಲ್ವಾ? ಆಲ್ಬಮ್ ಬಂದ್ಲು, ಆಲ್ಬಮ್ಮಿಗೆ ಒಂದು ಟೀ ಹೇಳಿ, ಆಲ್ಬಮ್ ರಜಾ ಹಾಕಿದಾಳೆ. ಹೊಸ ಡ್ರೈವರ್ ಪಾಪ ಅದೇ ನನ್ನ ಹೆಸರು ಅಂದುಕೊಂಡು, ಒಂದು ತಿಂಗಳು, ಆಲ್ಬಮ್ ಮೇಡಂ, ಅಂತ ಮರ್ಯಾದೆಯಿಂದ ಕರೀತಿದ್ದ.

ನೀರು ಬೇಕಾ? ಬೇಡವಾ. ಸರಿ.

ಆಮೇಲೆ ಆರು ವರ್ಷ ನಾನು ಏನು ಮಾಡಿದೆ ಕೇಳಿ. ಆಫೀಸಿಗೆ ಮುಂಚೆ ದಿನಾ ಬಂದರು. ರಜಾ ದಿನಾನೂ ಬಂದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯೋದು ಅಂತಾರಲ್ಲ, ಹಾಗೆ. ಅಮ್ಮ ಹೇಳೋರು, ಲೋಕದವರೆಲ್ಲ ಮಗಳಿಗೆ ಗಂಡು ಹುಡುಕ್ತಾರೆ, ನನ್ನ ಮಗಳು ತಾನೇ ಮೀನು ಹುಡುಕ್ತಾಳೆ, ಎರಡೂ ಸಿಕ್ಕಲ್ಲ, ಅಂತ. ಮೀನು ಕತ್ತರಿಸೋ ಅಕ್ಕ ಒಬ್ಬಳಿದ್ದಾಳೆ, ಹರಾಜು ಕಟ್ಟೆಯ ಕೊನೇ ಹಲಗೆ ಅವಳದ್ದು. ಶಾರ್ಕ್, ತೊರಕೆ ಏನೇ ಬಂದರೂ ಅವಳ ಕತ್ತಿಯ ಕೆಳಗೇ ಹಾದು ಹೋಗಬೇಕು. ಅವಳ ಪಕ್ಕ ಬಕೆಟ್ ಬೋರಲು ಹಾಕಿಕೊಂಡು ಕೂರ್ತಿದ್ದೆ. ಮೂರನೇ ವರ್ಷ ಒಂದು ದಿನ ಅವಳು ಕೇಳಿದಳು, ‘ನಿಂಗೆ ಬೇಕಾಗಿರೋದು ಮೀನಾ, ಆ ಮೇಡಮ್ಮನ ಮೂಗಾ? ಮೂಗು ಬೇಕಿದ್ದರೆ ಕತ್ತಿ ಕೊಡ್ತೀನಿ, ಹೋಗಿ ಕೊಯ್ಕೊಂಡು ಬಾ. ಅದಕ್ಕೆ ಕಡಲು ಯಾಕೆ ಕಾಯ್ತೀಯ?’

ಈಗ ನಕ್ಕಿರಿ ನೋಡಿ, ನಿಜವಾಗಿ ನಕ್ಕಿರಿ. ಅವಳು ಹಾಗೇ.

ನಿಮ್ಮಿಂದ ಏನೂ ಕಲೀಲಿಲ್ಲ ಅನ್ನಲ್ಲ ಮೇಡಂ. ಮೊದಲ ವಾರ ನೀವು ಇದೇ ಟೇಬಲ್ ಹತ್ತಿರ ನನ್ನ ಮಣಿಕಟ್ಟು ಹಿಡಿದು ತೋರಿಸಿದ್ರಿ, ಎಲ್ಲಕ್ಕೂ ಮೊದಲು ಹೊಟ್ಟೆ ಒತ್ತಿ ನೋಡು ಅಂತ. ಎರಡು ಮನೆ ಮೀನಿನಂಥವು ಮೊಟ್ಟೆ ಇಡೋ ಜಾತಿ ಅಲ್ಲ, ಮರಿ ಹಾಕೋ ಜಾತಿ. ಹೆದರಿದ ತಾಯಿ ಬಲೆಯಿಂದ ಮೇಲೆ ಬರ್ತಾನೇ ಮರಿ ಹಾಕಿಬಿಡತ್ತೆ, ಸತ್ತ ತಾಯಿ ಹಾಕಲ್ಲ. ಆ ಅಕ್ಕನೂ ಅದನ್ನೇ ಹೇಳ್ತಾಳೆ, ಯಾವ ಶಾಲೆಗೂ ಹೋಗದೆ. ನಿಮ್ಮ ಪಾಠ ಅಂತ ಅವಳಿಗೆ ಹೇಳಿದಾಗ, ನಿಮ್ಮ ಮೇಡಮ್ಮ ಹೆತ್ತೋಳಾ, ಅಂದಳು. ಇಲ್ಲ ಅಂದೆ. ಆದರೂ ಗೊತ್ತಲ್ಲ, ಅಂತ ತಲೆ ಆಡಿಸಿದಳು. ಅದು ಹೊಗಳಿಕೆ ಮೇಡಂ, ಇಟ್ಟುಕೊಳ್ಳಿ.

ಹಾಂ, ಈ ಕಾರ್ಡು. ನೋಡಿ, ಕೈಯಲ್ಲಿ ಹಿಡಿದು ನೋಡಿ. ನೀರು ತಾಗಿದರೂ ಹಾಳಾಗಲ್ಲ. ನಲವತ್ತು ಬೋಟಿಗೆ ಕೊಟ್ಟಿದೀನಿ. ಮೀನಿನ ಚಿತ್ರ ನಾನೇ ಬರೆದದ್ದು, ನನ್ನ ಫೋನ್ ನಂಬರು, ಮತ್ತೆ ಈ ಅಂಚು ನೋಡಿ, ಅಂಚಿನ ಉದ್ದಕ್ಕೂ ಅಳತೆಪಟ್ಟಿ. ಮೀನಿನ ಪಕ್ಕ ಕಾರ್ಡ್ ಇಟ್ಟು ಫೋಟೋ ತೆಗೆದರೆ ಸಾಕು. ಯಾರೂ ಉಂಗುರ ಎಲ್ಲಿ ಅಂತ ಕೇಳೋ ಹಾಗಿಲ್ಲ.

ಎಲ್ಲಾ ಓದಬೇಕಾಗಿಲ್ಲ. ಹೂಂ, ಕೊನೆಯ ಸಾಲೂ ನಾನೇ ಬರೆದದ್ದು. ‘ಜೀವ ಇದ್ದರೆ ಬಿಟ್ಟುಬಿಡಿ, ಆಮೇಲೆ ಫೋನ್ ಮಾಡಿ.’ ಹಾಗೆ ಬರೀಲೇಬೇಕಲ್ಲ. ಇಡಿ ಅದನ್ನ ಆ ಕಡೆ.

ನಿನ್ನೆ ಬೆಳಿಗ್ಗೆ ಎಂಟು ಗಂಟೆಗೆ ಫೋನ್ ಬಂತು. ಅದೇ ಅಣ್ಣ. ಒಂದು ಕಿವಿ ಕೇಳಲ್ಲ, ಅದಕ್ಕೇ ಕೂಗಿ ಮಾತಾಡ್ತಾನೆ. ತಂಗೀ, ನಿನ್ನ ಮೀನು ಬಂದಿದೆ. ನಾನು ಬಂದರಿನಿಂದ ವಾಪಸ್ ಬಂದು ಬಚ್ಚಲಲ್ಲಿ ಬಟ್ಟೆ ಒಗೀತಿದ್ದೆ, ಕೈ ತುಂಬ ಸೋಪು. ಆಮೇಲೆ... ಆಮೇಲೆ ಅವನು ತಂದ. ಅಷ್ಟೇ. ಸತ್ತೇ ಬಂದಿತ್ತು. ಬಲೆಯಲ್ಲೇ ಹೋಗಿತ್ತು ಅಂತ ಕಾಣತ್ತೆ. ಫಾರ್ಮಿನಲ್ಲಿ ಬರೆದಿದೀನಿ, ಆ ಕಾಲಂ ನೋಡಿ, ಬೋಟಿಗೆ ಬಂದಾಗ ಸ್ಥಿತಿ: ಸತ್ತಿತ್ತು.

ನಾನು ಬಂದರಿಗೆ ಓಡಿದೆ. ಬೋಟಿನ ಹಲಗೆ ಮೇಲೆ ಮಲಗಿಸಿದ್ದ. ನನ್ನ ಮೀನು. ಆರು ವರ್ಷ. ಎರಡೂವರೆ ಗಂಟೆ ಅದರ ಪಕ್ಕ ಕೂತಿದ್ದೆ, ಒಂದು ನಿಮಿಷವೂ ಕದಲಲಿಲ್ಲ. ಅಣ್ಣ ಟೀ ತಂದುಕೊಟ್ಟ, ಕುಡೀಲಿಲ್ಲ. ಹನ್ನೊಂದೂವರೆ ಹೊತ್ತಿಗೆ ಐಸ್ ಹಾಕಿ...

ಏನು? ಐಸ್ ತಡ ಯಾಕಾಯ್ತು ಅಂತಲಾ? ಐಸ್ ಗಾಡಿ ತಡವಾಗಿ ಬಂತು. ಬಂದರಿನಲ್ಲಿ ಐಸ್ ಇಲ್ಲವಾ ಅಂದ್ರೆ... ಇರತ್ತೆ ಮೇಡಂ, ಇತ್ತು. ಜನ ಜಾಸ್ತಿ ಇದ್ದರು. ಗಲಾಟೆ. ನಿಮಗೇನು ಗೊತ್ತು, ನೀವು ಬಂದರಿಗೆ ಹೋಗಿ ಎಷ್ಟು ವರ್ಷ ಆಯ್ತು.

ಬನ್ನಿ. ಸಾಕು ಮಾತು. ಈಗ ಏಳಿ. ಗ್ಲೌಸ್ ಹಾಕ್ಕೊಳ್ಳಿ, ನಿಮ್ಮ ಸೈಜೇ ತರಿಸಿದೀನಿ. ಬಟ್ಟೆ ನಾನು ಎತ್ತುತೀನಿ. ಈ ಕ್ಷಣವನ್ನ ನಾನು ಎಷ್ಟು ಸಲ ಮನಸ್ಸಿನಲ್ಲಿ ನಡೆಸಿದೀನಿ ಗೊತ್ತಾ. ಬಸ್ಸಿನಲ್ಲಿ, ಸ್ನಾನ ಮಾಡುವಾಗ, ನಿಮ್ಮ ಜಾಡಿಯ ಧೂಳು ಒರೆಸುವಾಗ. ನಾನು ಬಟ್ಟೆ ಎತ್ತೋದು. ನಿಮ್ಮ ಮುಖ. ಆಮೇಲೆ ಅದೇ ಕೈ, ತಪ್ಪು ಗುರುತು ಅಂತ ಬರೆದ ಅದೇ ಕೈ, ನನ್ನ ಹೆಸರಿನ ಕೆಳಗೆ ಸಹಿ ಹಾಕೋದು.

ನೋಡಿ.

ನೋಡಿದಿರಾ. ಟೇಬಲ್ ಮೇಲಿದೆ ಮೇಡಂ. ಕಥೆ ಅಲ್ಲ.

ಮುಳ್ಳು ಎಣಿಸಿ, ಬೆನ್ನ ಮೇಲಿನ ಸಾಲು. ಜಾಡಿಯಲ್ಲಿ ಇರುವಷ್ಟೇ ಇವೆ, ನಾನು ನಾಲ್ಕು ಸಲ ಎಣಿಸಿದೆ. ಮೂತಿಯ ಅಗಲ ನೋಡಿ. ಎರಡು ರೆಕ್ಕೆ ಸೇರೋ ಜಾಗ ನೋಡಿ. ಕಣ್ಣಿನ ಹಿಂದಿನ ತೂತು ನೋಡಿ... ಆ ಕಡೆ ಯಾಕೆ ತಿರುಗಿಸ್ತೀರಿ? ತಲೆ ಈ ಕಡೆ ಇದೆ. ಮೇಡಂ, ಗುರುತಿಗೆ ಬೇಕಾದದ್ದೆಲ್ಲ ಬೆನ್ನ ಮೇಲೇ ಇದೆ. ಹೊಟ್ಟೆ ಬೇಡ. ಹೊಟ್ಟೆ ನಾನು ನೋಡಿ ಆಗಿದೆ, ಅಳತೆ ಬರೆದಾಗಿದೆ. ಒತ್ತಬೇಡಿ ಅಂದೆನಲ್ಲ.

ಹೂಂ. ಜೋತಿದೆ.

ಖಾಲಿ ಇದೆ, ಹೂಂ. ಬಲೆಯಲ್ಲೇ ಹಾಕಿರಬಹುದಲ್ಲ? ನೀರೊಳಗೇ, ಮೇಲೆ ಬರೋ ಮುಂಚೆ. ಮರಿ ಹಾಕಿ ಆಮೇಲೆ ಸತ್ತಿರಬಹುದು. ಆಗಲ್ವಾ? ನೀವೇ ಹೇಳಿ. ಆಗತ್ತೆ ಅನ್ನಿ.

ಯಾಕೆ ಸುಮ್ಮನಿದೀರಿ? ಏನಾದರೂ ಅನ್ನಿ. ಅಂಗೈ, ಉಂಗುರ, ಏನಾದರೂ. ಆವತ್ತು ನಲವತ್ತು ಜನರೆದುರು ಅಷ್ಟು ಸಲೀಸಾಗಿ ಬಂತಲ್ಲ ಮಾತು. ಈಗ ನಾವಿಬ್ಬರೇ ಇದೀವಿ... ಗ್ಲೌಸ್ ಯಾಕೆ ತೆಗೀತೀರಿ? ಮೇಡಂ, ಪೆನ್ನಿನ ಕ್ಯಾಪ್ ಹಾಕಬೇಡಿ. ಸಹಿ ಆಗಿಲ್ಲ. ಬೆರಳು ಯಾಕೆ ಆ ಕಾಲಂ ಮೇಲೆ ಇಟ್ಟಿದೀರಿ? ಅದರಲ್ಲಿ ಬರೆದಿದೀನಲ್ಲ. ಸತ್ತಿತ್ತು ಅಂತ. ತೆಗೀರಿ ಬೆರಳು.

ತೆಗೀರಿ ಅಂದೆ.

...

ಹಾಗೆ ನೋಡಬೇಡಿ. ಬೈಯಿರಿ ಬೇಕಾದರೆ. ನೀವು ಬೈದರೆ ನನಗೆ ಏನು ಹೇಳಬೇಕು ಅಂತ ಗೊತ್ತು, ಆರು ವರ್ಷ ಅದನ್ನೇ ತಯಾರು ಮಾಡಿಕೊಂಡಿದೀನಿ. ಸುಮ್ಮನಿದ್ದರೆ... ಅದು ನನ್ನ ಕೆಲಸ ಮೇಡಂ, ಸುಮ್ಮನಿರೋದು. ನಿಮ್ಮದಲ್ಲ.

ಜೀವ ಇತ್ತು.

ಅಣ್ಣ ಫೋನ್ ಮಾಡಿದಾಗ ಜೀವ ಇತ್ತು. ಕಾರ್ಡ್ ಪಕ್ಕದಲ್ಲಿಟ್ಟು ಫೋಟೋ ತೆಗೆದಾಗಿದೆ ಅಂದ. ಅಳತೆ ಸರಿಯಾಗಿ ಕಾಣತ್ತೆ ಅಂದ. ಅಷ್ಟು ಸಾಕಿತ್ತು. ಈಗಿನವರು ಅಂಥ ಫೋಟೋ ಒಪ್ತಾರೆ, ಯಾರೂ ಇಲ್ಲ ಅನ್ನುತ್ತಿರಲಿಲ್ಲ. ನೀವು ಒಬ್ಬರನ್ನ ಬಿಟ್ಟು. ಆಮೇಲೆ ಅವನು ಕೇಳಿದ: ‘ಹೋದ ಸಲದ ಹಾಗೆ ಬಿಟ್ಟುಬಿಡ್ಲಾ ತಂಗಿ?’ ನನ್ನ ಕೈಯಲ್ಲಿ ಸೋಪು. ಫೋನು ಜಾರ್ತಿತ್ತು. ನಾನು ಮಾತಾಡಲಿಲ್ಲ. ತನಗೇ ಕೇಳಿಸಲಿಲ್ಲವೇನೋ ಅಂದುಕೊಂಡು ಅವನು ಫೋನನ್ನ ಒಳ್ಳೇ ಕಿವಿಗೆ ಹಿಡಿದು ಮತ್ತೆ ಕೇಳಿದ. ಬಿಡ್ಲಾ?

ಬೇಡ ಅಣ್ಣ, ತಗೊಂಡು ಬಾ, ಅಂದೆ.

ಅವನು ಫೋನ್ ಇಟ್ಟ.

ನಾನು ಹೋದಾಗ ಇನ್ನೂ ಇತ್ತು. ಕಣ್ಣಿನ ಹಿಂದಿನ ತೂತು ತೆರೆದು ಮುಚ್ಚಿ, ತೆರೆದು ಮುಚ್ಚಿ. ಎರಡೂವರೆ ಗಂಟೆ. ನೀರು ಹತ್ತು ಅಡಿ ದೂರ ಇತ್ತು ಮೇಡಂ. ಇಬ್ಬರು ಎತ್ತಿದರೆ ಆಗ್ತಿತ್ತು, ಹೋದ ಸಲ ಎತ್ತಿದ್ದೆವಲ್ಲ. ಅಣ್ಣ ಎರಡು ಸಲ ನನ್ನ ಮುಖ ನೋಡಿದ. ನಾನು ಟೀ ಲೋಟ ನೋಡ್ತಿದ್ದೆ. ಐಸ್ ಹಾಕೋಕೆ ಹೇಗೆ ಹೇಳಲಿ, ಜೀವ ಇರೋವಾಗ. ಅದಕ್ಕೇ ಕಾಯ್ದೆ.

ಮರಿಗಳು ಆರು. ಬೋಟಿನ ಹಲಗೆ ಮೇಲೇ ಹಾಕಿತ್ತಂತೆ, ನಾನು ಹೋಗೋ ಮುಂಚೆ. ಬೋಟಿನ ನೀರು ಮೊಗೆಯೋ ಡಬ್ಬದಲ್ಲಿ ಎತ್ತಿ ಅಣ್ಣ ಕಡಲಿಗೆ ಸುರಿದುಬಿಟ್ಟಿದ್ದ. ಆಮೇಲೆ ನನ್ನ ಹತ್ತಿರ ಬಂದು, ತಪ್ಪು ಮಾಡಿದವನ ಹಾಗೆ ತಲೆ ಕೆರೆದುಕೊಂಡು ಹೇಳಿದ: ‘ಮರಿಗಳನ್ನ ನಿನ್ನ ಕೇಳದೆ ಬಿಟ್ಟೆ ತಂಗಿ. ಬೈಬೇಡ.’

ನನ್ನ ಹತ್ತಿರ ಕ್ಷಮೆ ಕೇಳಿದ ಮೇಡಂ.

ಅವು ಬದುಕಿರ್ತಾವಾ? ದಿನ ತುಂಬಿತ್ತೋ ಇಲ್ಲವೋ ಹೊಟ್ಟೆ ಮುಟ್ಟಿದರೆ ನಿಮಗೆ ಗೊತ್ತಾಗತ್ತೆ. ಈಗ ತಾನೇ ಮುಟ್ಟಿದಿರಿ. ನಿಮಗೆ ಗೊತ್ತಾಗಿದೆ. ಹೇಳಿ. ಒಂದು ಮಾತು. ಹೂಂ ಅಥವಾ ಉಹೂಂ.

...

ಸರಿ.

ಬಟ್ಟೆ ನಾನೇ ಹೊದಿಸ್ತೀನಿ, ನೀವು ಬಗ್ಗಬೇಡಿ. ಊರುಗೋಲು ತಗೊಳ್ಳಿ. ಸಹಿ ಹಾಕೋದು ಬಿಡೋದು ಆಮೇಲಿನ ಮಾತು. ಆ ಕಾಲಂ ನಾನೇ ತಿದ್ದುತೀನಿ, ಆ ಫಾರ್ಮ್ ಈ ಕಡೆ ತಳ್ಳಿ.

ನಿಮ್ಮ ಬ್ಯಾಗಿನಲ್ಲಿ ಕೆಂಪು ಪೆನ್ ಇರತ್ತಲ್ಲ ಮೇಡಂ, ಯಾವಾಗಲೂ. ಅದನ್ನ ಕೊಡಿ.